ಮಾವ ಕೊಟ್ಟ ಸೂಟಿನ ಬಟ್ಟೆ

ಕೆಲವರು ನಡೆಯುವಾಗ ಎಡವುತ್ತಾರೆ. ನನಗೆ ಕೂತಲ್ಲೇ ಎಡವುವ ಯೋಗ. ಅದರಲ್ಲೂ ಬಟ್ಟೆಯ ವಿಷಯಕ್ಕೆ ಬಂದರೆ ಕೇಳುವುದೇ ಬೇಡ. ಹೊಸ ಷರ್ಟು ಹಾಕಿದ ದಿನವೇ ಬಸ್ಸಿನ ಸೀಟಿನ ಮೊಳೆಗೆ ಸಿಕ್ಕಿಕೊಳ್ಳುತ್ತೇನೆ. ಒಳ್ಳೆಯ ಪಂಚೆ ಉಟ್ಟ ದಿನವೇ ಬಡಿಸುವವರು ಸಾರನ್ನು ಎಲೆಗೆ ಬಿಡದೆ ತೊಡೆಗೆ ಬಿಡುತ್ತಾರೆ. ಇದೆಲ್ಲ ಇವತ್ತಿಗೂ ನಿಂತಿಲ್ಲ. ಆದರೆ ಈ ಪೈಕಿ ದೊಡ್ಡದು ನಡೆದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ನನ್ನ ಮದುವೆಯ ಸೂಟನ್ನು ನಾನೇ ಹೊಲಿದುಕೊಂಡಾಗ.

ಆಗ ನಾನು ಕೋಲಾರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಊರು ಕ್ಯಾಲನೂರು. ಅಪ್ಪ ಅಮ್ಮ ಇಬ್ಬರೂ ಬೇಗ ಹೋದ ಮೇಲೆ ಹಸು ಕಟ್ಟಿ, ಡೇರಿಗೆ ಹಾಲು ಹಾಕಿ, ನನ್ನನ್ನು ಓದಿಸಿ ಮೇಷ್ಟ್ರು ಮಾಡಿದವಳು ನಮ್ಮಕ್ಕ. ಸೂಜಿಗೂ ನನಗೂ ಇದ್ದ ಸಂಬಂಧ ಇಷ್ಟೇ: ಕಾಲಿಗೆ ಮುಳ್ಳು ಚುಚ್ಚಿದರೆ ಅಕ್ಕ ಸೂಜಿಯಲ್ಲಿ ತೆಗೆಯುತ್ತಿದ್ದಳು, ನಾನು ಕಿರುಚುತ್ತಿದ್ದೆ.

೧. ಅಕ್ಕ ಆಡಿದ ಮಾತು

ಕಾರ್ತಿಕ ಮಾಸದಲ್ಲಿ ಹೆಣ್ಣು ನೋಡಲು ಶ್ರೀನಿವಾಸಪುರಕ್ಕೆ ಹೋದೆವು. ಹುಡುಗಿಯ ತಂದೆ ಮಾವಿನ ಮಂಡಿ ಇಟ್ಟವರು, ದೊಡ್ಡ ದನಿಯ ದೊಡ್ಡ ಮನುಷ್ಯ. ಮನೆಯ ಯಜಮಾನಿಕೆ ಮಾತ್ರ ಅವರ ತಾಯಿಯದು. ಆ ಅಜ್ಜಿ ಎಲೆಯಡಿಕೆ ಮೆಲ್ಲುತ್ತಾ ನನ್ನನ್ನು ಮೇಲಿಂದ ಕೆಳಕ್ಕೆ, ಮತ್ತೆ ಕೆಳಗಿಂದ ಮೇಲಕ್ಕೆ ನೋಡಿದರು. ಮಂಡಿಯಲ್ಲಿ ಹಣ್ಣು ಆರಿಸುವ ಮನೆ, ನೋಟವೂ ಹಾಗೇ ಇತ್ತು.

ಕಾಫಿ ಆದ ಮೇಲೆ ಅಕ್ಕ ಗಂಟಲು ಸರಿಮಾಡಿಕೊಂಡು ಹುಡುಗಿಯನ್ನು ಕೇಳಿದಳು: "ಹೊಲಿಗೆ ಬರುತ್ತೇನಮ್ಮಾ?"

ಹುಡುಗಿ ತಲೆ ಎತ್ತಿ, "ಬರಲ್ಲ" ಅಂದಳು.

ಅಷ್ಟೇ. ಕಲೀತಿದೀನಿ ಇಲ್ಲ, ಸ್ವಲ್ಪ ಸ್ವಲ್ಪ ಇಲ್ಲ, ಬರಲ್ಲ. ನನಗೆ ಆ ಕ್ಷಣದಲ್ಲೇ ಅವಳು ಬಹಳ ಹಿಡಿಸಿಬಿಟ್ಟಳು. ಮದುವೆ ಆದರೆ ಇವಳನ್ನೇ ಅಂತ ಅಲ್ಲೇ ಮನಸ್ಸಿನಲ್ಲಿ ಅಂದುಕೊಂಡೆ. ಆದರೆ ಅಜ್ಜಿಗೆ ಮೊಮ್ಮಗಳು ಸೋತಂತೆ ಕಂಡಿತು. ಅವರು ಎಲೆಯಡಿಕೆಯನ್ನು ಒಂದು ದವಡೆಗೆ ತಳ್ಳಿ, "ಆಯ್ತಮ್ಮಾ, ನಮ್ಮ ಹುಡುಗಿಗೆ ಬರಲ್ಲ. ನಿಮ್ಮ ಹುಡುಗನಿಗೆ ಏನ್ ಬರ್ತದೆ?" ಅಂದರು.

ಗಣಿತ ಬರುತ್ತೆ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮಕ್ಕ ಸೋಲುವ ಪೈಕಿ ಅಲ್ಲ. "ಅವನಾ? ಅವನ ಬಟ್ಟೆ ಅವನೇ ಹೊಲ್ಕೋತಾನೆ. ಇಗೋ, ಈ ಷರ್ಟೂ ಅವನೇ ಹೊಲ್ದಿದ್ದು" ಅಂದುಬಿಟ್ಟಳು.

ಆ ಷರ್ಟು ಕೋಲಾರದ ಬಜಾರಿನ ಟೈಲರ್ ಸಾಬರು ಹೊಲಿದದ್ದು. ಕಾಲರಿನ ಒಳಗೆ ಅವರ ಅಂಗಡಿಯ ಹೆಸರಿನ ಚೀಟಿ ಬೇರೆ ಇತ್ತು. ಅಜ್ಜಿ ಎದ್ದು ನನ್ನ ಹಿಂದಕ್ಕೇ ಬಂದರು, ಹೊಲಿಗೆ ನೋಡಲು. ನಾನು ಕತ್ತನ್ನು ಹಿಂದಕ್ಕೆ ಒತ್ತಿ, ಕುರ್ಚಿಗೆ ಅಂಟಿಸಿ ಕೂತೆ. ಅವರು ಎಡಕ್ಕೆ ಬಂದರೆ ಕತ್ತು ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಹೊರಡುವಾಗಲೂ ಬಾಗಿಲವರೆಗೆ ಹಿಮ್ಮುಖವಾಗಿಯೇ ನಡೆದೆ.

ಹುಡುಗಿಯ ತಂದೆಗೆ ಮಾತ್ರ ಆನಂದವೋ ಆನಂದ. ಗಂಡಿಗೆ ಸೂಟಿನ ಬಟ್ಟೆ ಕೊಡುವುದು, ಹೊಲಿಸಿಕೊಡುವುದು ಹೆಣ್ಣಿನ ಕಡೆಯವರ ಪದ್ಧತಿ. "ಬಟ್ಟೆ ನಾನು ಕಳಿಸ್ತೀನಿ. ಹೊಲಿಯೋದು ಅಲ್ಲುಡುಗಾರೇ!" ಅಂದರು. ಆ ಕಡೆ ಅಳಿಯನನ್ನು ತೆಲುಗಿನಲ್ಲಿ ಹಾಗೆ ಕರೆಯುವುದು ಗೌರವ. ಮಾತುಕತೆಗೆ ಮೊದಲೇ ನನಗೆ ಅಳಿಯನ ಪಟ್ಟ ಸಿಕ್ಕಿತ್ತು, ಅದೂ ಹೊಲಿಗೆಯ ಮೇಲೆ.

ಬಸ್ಸಿನಲ್ಲಿ ನಾನು, "ಅಕ್ಕಾ, ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ" ಅಂದೆ.

"ಓದಿಲ್ವಾ ನೀನು? ಕಲಿ. ಇಷ್ಟು ಜನದ ಮುಂದೆ ನಾನಾಡಿದ ಮಾತು ಬೀಳಬಾರ್ದು ಕಣೋ" ಅಂದಳು.

ಅವಳು ಜೀವನದಲ್ಲಿ ನನ್ನನ್ನು ಏನಾದರೂ ಕೇಳಿದ್ದೇ ಕಡಿಮೆ. ಅವಳ ಮಾತು ಬೀಳಬಾರದು, ಆ ಹುಡುಗಿ ಕೈತಪ್ಪಬಾರದು. ಎರಡೂ ಈಗ ಒಂದು ಸೂಜಿಯ ಕಣ್ಣಿನಲ್ಲಿ ತೂರಬೇಕಾಗಿತ್ತು.

ವಾರ ಕಳೆಯುವಷ್ಟರಲ್ಲಿ ಶ್ರೀನಿವಾಸಪುರದಿಂದ ಒಪ್ಪಿಗೆ ಬಂತು. ಜೊತೆಗೆ ಅಜ್ಜಿಯ ಕಡೆಯಿಂದ ಒಂದು ಸೀಸೆ ನೋವಿನೆಣ್ಣೆಯೂ ಬಂತು. "ಹುಡುಗ ಒಳ್ಳೆಯವನು. ಕತ್ತು ಮಾತ್ರ ಹಿಡ್ಕೊಂಡದೆ, ಮದುವೆ ಹೊತ್ತಿಗೆ ತಿಕ್ಕಿ ಸರಿಮಾಡ್ಸಿ" ಅಂತ ಹೇಳಿ ಕಳಿಸಿದ್ದರು.

೨. ಪೇಪರ್ ಸೂಟು

ಕೋಲಾರದಲ್ಲಿ ನಾನಿದ್ದ ಬಾಡಿಗೆ ಕೋಣೆಯ ಓನರಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ನಾನು ಹೋಗಿ ಸಂಕಟ ಹೇಳಿಕೊಂಡೆ. ಅವರು ನನ್ನನ್ನು ನೋಡಿ, "ಮೇಷ್ಟ್ರೇ, ಕ್ಲಾಸಲ್ಲಿ ಎಲ್ಲಾ ಹುಡುಗೀರು. ನೀವು ಭಾನುವಾರ ಬನ್ನಿ. ಮೊದಲು ಪೇಪರ್ ಕತ್ತರಿಸೋದು ಕಲೀರಿ. ಪೇಪರಲ್ಲಿ ಸರಿಯಾಗಿ ಬಂದ್ರೆ ಬಟ್ಟೇಲೂ ಬರ್ತದೆ" ಅಂದರು.

ನನಗೆ ಧೈರ್ಯ ಬಂತು. ಹೊಲಿಗೆ ಅಂದರೆ ಏನು, ರೇಖಾಗಣಿತ ತಾನೆ? ಕಾಲು ಅಂದರೆ ಕೊಳವೆ, ಹೊಟ್ಟೆ ಅಂದರೆ ಪೀಪಾಯಿ, ತೋಳು ಅಂದರೆ ಇನ್ನೊಂದು ಸಣ್ಣ ಕೊಳವೆ. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಟೇಪಿನ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಬೆನ್ನ ಹಿಂದೆ ಹುಡುಕುತ್ತಾ ನನ್ನ ಅಳತೆ ನಾನೇ ತೆಗೆದೆ. ಕೈವಾರ, ಕೋನಮಾಪಕ ಎಲ್ಲ ಹಿಡಿದು ಹಳೇ ಪೇಪರಿನ ಮೇಲೆ ಸೂಟು ಬರೆದೆ. ಬೋರ್ಡಿನ ಮೇಲೆ ಬರೆದಿದ್ದರೆ ಮಕ್ಕಳು ಚಪ್ಪಾಳೆ ತಟ್ಟಬೇಕು, ಅಷ್ಟು ಚೆನ್ನಾಗಿತ್ತು.

ಬರೆದದ್ದನ್ನು ಕತ್ತರಿಸಿ, ಮೈದಾ ಅಂಟು ಕಾಯಿಸಿ ಅಂಟಿಸಿದೆ. ಕೋಟು ಬಂತು, ಪ್ಯಾಂಟೂ ಬಂತು. ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಮೈತುಂಬ ಸುದ್ದಿ ಇದ್ದರೂ ಸೂಟು ಸೂಟೇ. ಆ ಖುಷಿಯಲ್ಲಿ ಓನರಮ್ಮನಿಗೆ ತೋರಿಸೋಣ ಅಂತ ಹಾಗೇ ಪಡಸಾಲೆಗೆ ನಡೆದೆ. ಗಾಳಿಗೆ ಪರಪರ ಸದ್ದಾಗುತ್ತಿತ್ತು.

ಓನರಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅವರ ಯಜಮಾನರು ಮಾತ್ರ ನಗಲಿಲ್ಲ. ರಿಟೈರಾಗಿ ಮನೆಯಲ್ಲಿದ್ದವರು, ಪೇಪರಿನ ಒಂದಕ್ಷರ ಬಿಡದೆ ಓದುವವರು. ಅವರು ಓದಿ ಮುಗಿಸದ ಅವತ್ತಿನ ಪೇಪರೂ ನನ್ನ ಕಟ್ಟಿನಲ್ಲಿ ಸೇರಿಹೋಗಿತ್ತು. ಕನ್ನಡಕ ಹಾಕಿಕೊಂಡು ಎದ್ದು ಬಂದು ನನ್ನ ಎದೆಯ ಮೇಲೆ ಓದುತ್ತಾ ನಿಂತರು. ಆಮೇಲೆ ತೋಳು ಓದಿದರು. ನಾನು ಮರ್ಯಾದೆಗೆ ಅಲ್ಲಾಡದೆ ನಿಂತೆ.

"ಮೇಷ್ಟ್ರೇ, ಇದರ ಮುಂದುವರಿದ ಭಾಗ ಕೊನೇ ಪುಟದಲ್ಲಿ ಅಂತ ಹಾಕವ್ರೆ" ಅಂದರು.

ಕೊನೇ ಪುಟ ನಾನು ಕೂರುವ ಜಾಗದಲ್ಲಿತ್ತು.

"ಸ್ವಲ್ಪ ಬಗ್ಗಿ" ಅಂದರು. ದೊಡ್ಡವರು, ಬಗ್ಗಿದೆ. ಸುದ್ದಿ ಎರಡು ಹೋಳಾಯಿತು.

೩. ಕರುವಿನ ಅಂಗಿ

ಹೊಲಿಗೆ ಕ್ಲಾಸಿನಲ್ಲಿ ಒಂದು ಕ್ರಮವಿದೆ. ಯಾರೇ ಬರಲಿ, ಬಟ್ಟೆಯಲ್ಲಿ ಮೊದಲು ಹೊಲಿಯಬೇಕಾದ್ದು ಜಬಲ, ಅಂದರೆ ಹಸುಗೂಸಿಗೆ ಹಾಕುವ ತುಂಡು ಅಂಗಿ. ಅದಾದ ಮೇಲೆ ಲಂಗ, ಆಮೇಲೆ ಬ್ಲೌಸು. ಸೂಟು ಬೇಕು ಅಂತ ನಾನು ಎಷ್ಟು ಬೇಡಿಕೊಂಡರೂ ಓನರಮ್ಮ ಕೇಳಲಿಲ್ಲ. "ಒಂದನೇ ಕ್ಲಾಸ್ ಓದದೆ ಎಸ್ಸೆಲ್ಸಿ ಕೂರಿಸ್ತೀರಾ ನೀವು?" ಅಂದರು.

ಸರಿ, ಹೂವಿನ ಚೀಟಿ ಬಟ್ಟೆಯಲ್ಲಿ ಒಂದು ಜಬಲ ಹೊಲಿದೆ. ಕತ್ತು ಒಂದು ಕಡೆ ವಾಲಿತ್ತು, ಕೈತೂತು ಒಂದು ದೊಡ್ಡದು ಒಂದು ಚಿಕ್ಕದು. ಆದರೂ ನನ್ನ ಕೈಯ ಮೊದಲ ಹೊಲಿಗೆ. ಪ್ರೀತಿಯಿಂದ ಒಗೆದು ಕೋಣೆಯ ಮುಂದಿನ ತಂತಿಗೆ ಒಣಹಾಕಿದೆ.

ಅದು ಚಳಿಗಾಲ. ಮಾವಿನ ಕಾಲ ಅಲ್ಲವಾದ್ದರಿಂದ ನಮ್ಮ ಭಾವೀ ಮಾವನವರಿಗೆ ಕೈತುಂಬ ಬಿಡುವು. ಅವತ್ತು ಹೇಳದೆ ಕೇಳದೆ, ಸೂಟಿನ ಬಟ್ಟೆ ಕಂಕುಳಲ್ಲಿ, ಒಂದು ಮೂಟೆ ಅವರೆಕಾಯಿ ಹೆಗಲ ಮೇಲೆ ಇಟ್ಟುಕೊಂಡು ಬಂದರು. "ಅಲ್ಲುಡುಗಾರೂ..." ಅಂತ ಬೀದಿಯಿಂದಲೇ ಕೂಗಿದವರು ತಂತಿಯ ಮುಂದೆ ಬಂದು ಗಕ್ಕನೆ ನಿಂತರು. ಜಬಲ ಗಾಳಿಗೆ ಅವರ ಮೂಗಿನ ಹತ್ತಿರವೇ ಆಡುತ್ತಿತ್ತು.

ಒಳಗೆ ಬಂದು ಕೂತರು. ಮಂಚದ ಕೆಳಗೆ ಒಂದು ಸಲ ಬಗ್ಗಿ ನೋಡಿದರು. ಮೂಲೆಯ ಬುಟ್ಟಿಯಲ್ಲೂ ಇಣುಕಿದರು. ಯಾವುದೋ ಅಳು ಕೇಳಿಸುತ್ತದೋ ಅಂತ ಕಿವಿ ಕೊಟ್ಟರು.

"ಇಲ್ಲಿ ನೀವು ಒಬ್ರೇ ಇರೋದಾ?"

"ಒಬ್ಬನೇ, ಮಾವ."

"ಹೂಂ" ಅಂದು ಮತ್ತೆ ಹೊರಗೆ ತಂತಿಯ ಕಡೆ ನೋಡಿದರು. "ಆ ಚಿಕ್ಕ ಅಂಗಿ..."

ಕಲಿಯುವುದಕ್ಕೆ ಹೊಲಿದದ್ದು ಅಂದರೆ ನನಗೆ ಹೊಲಿಗೆ ಬರುವುದಿಲ್ಲ ಅಂತಾಯಿತು, ಅಕ್ಕನ ಮಾತು ಬಿತ್ತು. ಹೇಳದಿದ್ದರೆ ಮದುವೆಗೆ ಮೊದಲೇ ನನಗೊಂದು ಮಗು ಇದೆ ಅಂತಾಯಿತು, ಹುಡುಗಿ ಹೋದಳು. ಎರಡರ ಮಧ್ಯೆ ಸಿಕ್ಕಿಕೊಂಡವನಿಗೆ ಹೊಳೆದದ್ದು ಅಕ್ಕನ ಕೊಟ್ಟಿಗೆ.

"ಅದು ಕರುವಿಗೆ ಮಾವ" ಅಂದೆ.

"ಏನು?"

"ನಮ್ಮಕ್ಕನ ಹಸು ಕರು ಹಾಕಿದೆ. ಈ ಚಳಿ ನೋಡಿ... ಪಾಪ ಅಂತ ನಾನೇ ಒಂದು ಅಂಗಿ ಹೊಲ್ದೆ."

ಮಾವ ತಂತಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಅವರ ಕಣ್ಣಲ್ಲಿ ನಿಜವಾಗಿ ನೀರು ಬಂತು. "ಕರುವಿಗೇ ಇಷ್ಟು ನೋಡ್ಕೊಳ್ಳೋನು ನನ್ನ ಮಗಳನ್ನ ಹೆಂಗೆ ನೋಡ್ಕೋಬೌದು!" ಅಂತ ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಅವರೆಕಾಯಿ ಮೂಟೆ ಒಳಗಿಡುವ ನೆಪದಲ್ಲಿ ಕೈ ಬಿಡಿಸಿಕೊಂಡೆ.

ಮುಂದಿನ ವಾರ ಶ್ರೀನಿವಾಸಪುರದ ಬಸ್ ಕಂಡಕ್ಟರು ನನ್ನ ಕೈಗೆ ಒಂದು ಉದ್ದನೆಯ ಹುರಿ ಕೊಟ್ಟ. ಅದರಲ್ಲಿ ಅಲ್ಲಲ್ಲಿ ಗಂಟು ಹಾಕಿತ್ತು. "ನಿಮ್ಮ ಮಾವನೋರು ಕೊಟ್ರು ಸಾರ್. ಅವರ ಮನೆ ಕರು ಅಳತೆಯಂತೆ. ಈ ಗಂಟು ಕತ್ತು, ಈ ಗಂಟು ಹೊಟ್ಟೆ. ಬೇಗ ಬೇಕಂತೆ, ರಾತ್ರಿ ನಡುಗ್ತದಂತೆ."

ಗೋಣಿಯಲ್ಲಿ ಹೊಲಿದು ಕಳಿಸಿದೆ. ಚೆನ್ನಾಗಿ ಕೂತಿತಂತೆ. ನಾನು ಇಷ್ಟು ವರ್ಷದಲ್ಲಿ ಹೊಲಿದ ಬಟ್ಟೆಗಳಲ್ಲಿ ತಕರಾರು ಬಾರದೆ ಇದ್ದದ್ದು ಅದೊಂದೇ. ಹಾಕಿಕೊಂಡವರು ಏನೂ ಅನ್ನಲಿಲ್ಲ.

೪. ಎರಡು ಎಡಗಾಲು

ಲಂಗ, ಬ್ಲೌಸು ಎಲ್ಲ ದಾಟಿ ಕೊನೆಗೂ ಸೂಟಿನ ಬಟ್ಟೆ ಬಿಚ್ಚುವ ದಿನ ಬಂತು. ಮಾವ ಬೆಂಗಳೂರಿನಿಂದ ಹುಡುಕಿ ತರಿಸಿದ ಕಾಫಿ ಬಣ್ಣದ ಬಟ್ಟೆ. ಹೊರಮೈ ಮಿರಮಿರ ಮಿಂಚುತ್ತಿತ್ತು, ಒಳಮೈ ಮಾತ್ರ ಮಸುಕು. ಒಂದು ಕಡೆ ಕಾಫಿ, ಇನ್ನೊಂದು ಕಡೆ ಬರೀ ಹಾಲು ಅನ್ನಬಹುದು. "ಅಂಗಡೀಲಿ ಇದ್ದದ್ದೇ ಇಷ್ಟು, ಕಡೇ ತುಂಡು" ಅಂತ ಹೆಮ್ಮೆಯಿಂದ ಹೇಳಿದ್ದರು.

ಆಗ ಬೆಲ್ ಬಾಟಂ ಕಾಲ. ಪ್ಯಾಂಟು ಮೊಣಕಾಲಿನ ಹತ್ತಿರ ಬಿಗಿಯಾಗಿರಬೇಕು, ಪಾದದ ಹತ್ತಿರ ಬೀದಿ ಗುಡಿಸಬೇಕು. ಮದುವೆ ಗಂಡು ನಾನು, ಯಾರಿಗೂ ಕಡಿಮೆ ಆಗಬಾರದು ಅಂತ ಅಗಲವನ್ನು ಧಾರಾಳವಾಗಿ ಬರೆದೆ. ಕತ್ತರಿ ಹಾಕಿದೆ. ಒಂದು ಕಾಲು ಕತ್ತರಿಸಿ, ಅದನ್ನೇ ಬಟ್ಟೆಯ ಮೇಲೆ ಇಟ್ಟುಕೊಂಡು, ಚಾಚೂ ತಪ್ಪದೆ ಅದರ ಅಂಚಿಗೇ ಸೀಮೆಸುಣ್ಣ ಎಳೆದು ಇನ್ನೊಂದು ಕಾಲು ಕತ್ತರಿಸಿದೆ. ಎರಡೂ ಒಂದೇ ಥರ, ಕೂದಲೆಳೆ ವ್ಯತ್ಯಾಸವಿಲ್ಲ. ಓನರಮ್ಮನನ್ನು ಕರೆದು ತೋರಿಸಿದೆ.

ಅವರು ಎರಡನ್ನೂ ಕೈಯಲ್ಲಿ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, "ಮೇಷ್ಟ್ರೇ, ನಿಮಗೆ ಬಲಗಾಲು ಇಲ್ವಾ?" ಅಂದರು.

ಎರಡೂ ಎಡಗಾಲು! ಒಂದನ್ನು ಮಗುಚಿ ಹಾಕಿದರೆ ಬಲಗಾಲಾಗುತ್ತದೆ, ಆದರೆ ಆಗ ಕಾಫಿ ಒಳಗೆ, ಹಾಲು ಹೊರಗೆ. ನಾನು ಅವತ್ತು ಬೆಳಗ್ಗೆಯೇ ಒಂಬತ್ತನೇ ಕ್ಲಾಸಿಗೆ ಕನ್ನಡಿಯ ಬಿಂಬದಲ್ಲಿ ಎಡ ಬಲ ಅದಲುಬದಲಾಗುವ ಪಾಠ ಮಾಡಿ, ಅರ್ಥವಾಗದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿ ಬಂದಿದ್ದೆ.

ಬೇರೆ ದಾರಿಯಿಲ್ಲದೆ ಕೋಟಿನ ಪಾಲಿನ ಬಟ್ಟೆಯಲ್ಲಿ ಒಂದು ಬಲಗಾಲು ತೆಗೆದೆವು. ಮಿಕ್ಕ ಎಡಗಾಲು ಕೋಟಿನ ತೋಳುಗಳಿಗೇ ಹೋಯಿತು. ಕೋಟು ಕುಗ್ಗಿತು, ಕಂಕುಳು ಬಿಗಿಯಾಯಿತು. ಇಷ್ಟಾದರೂ ಪ್ಯಾಂಟಿನ ಹಿಂಭಾಗಕ್ಕೆ ಬಟ್ಟೆ ಸಾಲಲೇ ಇಲ್ಲ, ಸರಿಯಾಗಿ ನಾನು ಕೂರುವ ಜಾಗಕ್ಕೇ. ಬೆಲ್ ಬಾಟಮ್ಮಿನ ಅಗಲವನ್ನು ತೆಗೆದು ಮೇಲಕ್ಕೆ ಹಾಕಲು ನೋಡಿದೆವು, ಚೂರುಪಾರು ಸಿಕ್ಕಿತೇ ಹೊರತು ತುಂಡು ಸಿಗಲಿಲ್ಲ.

ಓನರಮ್ಮ ಒಳಗೆ ಹೋಗಿ ಹುಡುಕಿ, ಹೊಸ ಹಾಸಿಗೆ ಹೊಲಿಸಿದಾಗ ಉಳಿದಿದ್ದ ಬಟ್ಟೆ ತಂದರು. ನೀಲಿ ಬಿಳಿ ಪಟ್ಟೆ ಪಟ್ಟೆಯ ಹಾಸಿಗೆ ಬಟ್ಟೆ. "ಗಟ್ಟಿ ಬಟ್ಟೆ, ನೂರು ವರ್ಷ ಬರ್ತದೆ. ಹೆಂಗೂ ಮೇಲೆ ಕೋಟು ಮುಚ್ಕೊಳ್ತದಲ್ಲಾ?" ಅಂದರು.

"ಕೈ ಎತ್ತಿದ್ರೆ ಕೋಟು ಮೇಲಕ್ಕೆ ಹೋಗುತ್ತಲ್ಲಮ್ಮ?"

"ಮದುವೆ ಗಂಡು ಕೈ ಎತ್ತೋದು ಯಾಕೆ? ನೀವೇನು ಕ್ಲಾಸಲ್ಲಿ ಉತ್ತರ ಹೇಳ್ಬೇಕಾ?"

೫. ಬೇರೆಯವರ ಕತ್ತರಿ

ಇಷ್ಟಾದ ಮೇಲೆ ನನಗೆ ಬುದ್ಧಿ ಬಂತು. ಗಂಟು ಕಟ್ಟಿಕೊಂಡು ಬಜಾರಿನ ಟೈಲರ್ ಸಾಬರ ಹತ್ತಿರ ಓಡಿದೆ. ಹೇಗಾದರೂ ಇದನ್ನು ಸರಿಮಾಡಿ, ಯಾರಿಗೂ ಹೇಳಬೇಡಿ ಅಂತ ಬೇಡಿಕೊಂಡೆ.

ಸಾಬರು ಗಂಟು ಬಿಚ್ಚಲೂ ಇಲ್ಲ. "ನಹೀ ಮೇಷ್ಟ್ರೇ. ಬೇರೆಯವ್ರು ಕತ್ತರಿ ಹಾಕಿದ್ ಬಟ್ಟೆ ನಾನು ಮುಟ್ಟೋದಿಲ್ಲ. ನಮ್ ಅಬ್ಬಾ ಕಾಲದಿಂದ ಹಂಗೇ" ಅಂದರು.

"ಕತ್ತರಿ ಹಾಕಿದ್ದು ಬೇರೆ ಟೈಲರ್ ಅಲ್ಲ ಸಾಬರೇ, ನಾನೇ."

"ಗೊತ್ತು. ನಿಮ್ ಮಾವ ಮೊನ್ನೆ ಇಲ್ಲೇ ಕೂತು ಚಾ ಕುಡ್ದು ಹೇಳಿದ್ರು. ನಮ್ ಅಳಿಯ ತನ್ ಸೂಟು ತಾನೇ ಹೊಲೀತಾನೆ, ಕರುಗೂ ಹೊಲೀತಾನೆ ಅಂತ ಬಜಾರ್‌ಗೆಲ್ಲಾ ಹೇಳವ್ರೆ. ನಾನು ಹೊಲ್ದು ಕೊಟ್ರೆ ಅವರ ಮರ್ಯಾದೆ ಏನಾಗ್ಬೇಕು?"

ನಾನು ಮುಖ ಬಾಡಿಸಿಕೊಂಡು ಗಂಟು ಎತ್ತಿಕೊಂಡೆ. ಆಗ ಸಾಬರು ಬಗ್ಗಿ, ದನಿ ತಗ್ಗಿಸಿ, "ಮೇಷ್ಟ್ರೇ, ಆ ಕರು ಅಂಗೀದು ಪೇಪರ್ ಕಟಿಂಗ್ ಇದ್ರೆ ಕೊಡಿ. ಕ್ಯಾಲನೂರು, ಹೋಳೂರು ಕಡೆಯವ್ರೆಲ್ಲಾ ಕೇಳ್ತಾವ್ರೆ" ಅಂದರು.

೬. ಹಾರ

ಮಾಘ ಮಾಸದಲ್ಲಿ ಶ್ರೀನಿವಾಸಪುರದ ಛತ್ರದಲ್ಲಿ ಮದುವೆ. ಬೆಳಗಿನ ಮುಹೂರ್ತಕ್ಕೆ ಪಂಚೆ, ಆ ಚಿಂತೆಯಿಲ್ಲ. ಹಿಂದಿನ ದಿನ ಸಂಜೆ ಆರತಕ್ಷತೆ, ಅದಕ್ಕೆ ಸೂಟು. ಎರಡು ಕೈ ಪಕ್ಕಕ್ಕೆ ಬಿಟ್ಟುಕೊಂಡು ನೆಟ್ಟಗೆ ನಿಂತರೆ ಯಾವ ತೊಂದರೆಯೂ ಇರಲಿಲ್ಲ. ಕೋಟು ಹಿಂಭಾಗದ ಪಟ್ಟೆ ಬಟ್ಟೆಯನ್ನು ಪೂರ್ತಿ ಮುಚ್ಚಿ ಇನ್ನೂ ಬೆರಳಗಲ ಕೆಳಗೆ ಇಳಿಯುತ್ತಿತ್ತು. ಆ ಬೆರಳಗಲದ ಮೇಲೆ ನನ್ನ ಮದುವೆ ನಿಂತಿತ್ತು.

ವೇದಿಕೆ ಹತ್ತಿದೆ. ಮಾವ ಬಂದವರಿಗೆಲ್ಲ, "ಸೂಟು ನೋಡಿದ್ರಾ? ಅಲ್ಲುಡುಗಾರು ಸ್ವಂತ ಹೊಲ್ಕೊಂಡಿದ್ದು!" ಅಂತ ಪರಿಚಯ ಮಾಡಿಸುತ್ತಿದ್ದರು. ಅಕ್ಕ ಮುಂದಿನ ಸಾಲಿನಲ್ಲಿ ತಲೆ ಎತ್ತಿ ಕೂತಿದ್ದಳು. ದೊಡ್ಡವರು ಬಂದಾಗ ಕಾಲಿಗೆ ಬೀಳಬೇಕು, ನಾನು ಕತ್ತು ಮಾತ್ರ ಬಗ್ಗಿಸಿ ಕೈ ಮುಗಿಯುತ್ತಿದ್ದೆ, ಅದೂ ಹೊಟ್ಟೆಯ ಹತ್ತಿರ. ವೇದಿಕೆಯ ಮೇಲೆಯೇ ಒಂದು ಮಗ್ಗುಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಜ್ಜಿ ಇದನ್ನು ನೋಡಿ, "ಅಯ್ಯೋ ದೇವುಡಾ, ಅವತ್ತು ಕತ್ತು ಹಿಡ್ಕೊಂಡಿತ್ತು. ಎಣ್ಣೆ ಹಚ್ಚಿದ ಮೇಲೆ ಅದು ಇಳಿದು ಸೊಂಟಕ್ಕೆ ಬಂದದೆ" ಅಂತ ಪಕ್ಕದವರಿಗೆ ಹೇಳಿದರು.

ಆಗ ಫೋಟೋದವನು ಬಂದ. "ಸಾರ್, ಎದುರುಬದುರು ನಿಂತ್ಕೊಳ್ಳಿ. ಹಾರ ಹಾಕೋದು ಒಂದು ತೆಗೀತೀನಿ" ಅಂದ. ಇಬ್ಬರ ಕೈಗೂ ದಪ್ಪ ದಪ್ಪ ಗುಲಾಬಿ ಹಾರ ಬಂತು. ನನ್ನ ಬೆನ್ನು ಅಜ್ಜಿಯ ಕಡೆಗಾಯಿತು.

ಹಾರವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದುಕೊಂಡು ನಿಂತೆ. ಹುಡುಗಿ ಮೊದಲು ಹಾಕಲಿ, ಅಷ್ಟರಲ್ಲಿ ಏನಾದರೂ ಹೊಳೆಯುತ್ತದೆ ಅಂದುಕೊಂಡೆ. ಅವಳೂ ಹಾರವನ್ನು ಹೊಟ್ಟೆಯ ಮಟ್ಟದಲ್ಲೇ ಹಿಡಿದು ನಿಂತಿದ್ದಳು. ಕೈ ಮೇಲೇಳುತ್ತಿಲ್ಲ. ಇಬ್ಬರೂ ಬಾಳೆಕಂಬದ ಹಾಗೆ ನಿಂತೆವು.

"ಎಷ್ಟು ನಾಚಿಕೆ ನೋಡಿ ಮಕ್ಕಳಿಗೆ" ಅಂತ ಕೆಳಗೆ ಹೆಂಗಸರು ಮಾತಾಡಿಕೊಂಡರು.

ಹುಡುಗಿ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು: "ನೀವು ಮೊದಲು ಹಾಕಿ."

ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ನಾನೂ ಪಿಸುಗುಟ್ಟಿದೆ: "ಇಲ್ಲ, ನೀವು ಹಾಕಿ."

"ನಂಗೆ ಕೈ ಎತ್ತಕ್ಕಾಗಲ್ಲ."

"ಯಾಕೆ?"

"ಬ್ಲೌಸು ನಾನೇ ಹೊಲ್ದಿದ್ದು. ಎತ್ತಿದ್ರೆ ಬಿಟ್ಕೊಳ್ತದೆ."

"ನಿಮಗೆ ಹೊಲಿಗೆ ಬರಲ್ಲ ಅಂದಿದ್ರಲ್ಲ?"

"ಬರಲ್ಲ. ಎಲ್ಲಾ ನಿಮ್ಮಿಂದಲೇ. ಗಂಡಸು ಸೂಟೇ ಹೊಲ್ಕೋತಾನೆ, ನಿಂಗೊಂದು ಬ್ಲೌಸು ಬರಲ್ವೇನೇ ಅಂತ ಅಜ್ಜಿ ದಿನಾ ಪ್ರಾಣ ತೆಗೆದ್ರು. ಕ್ಲಾಸಿಗೆ ಸೇರಿಸಿದ್ರು. ಹೋದೋಳಿಗೆ ಮೊದಲು..."

"ಜಬಲ ಹೊಲಿಸಿದ್ರಾ?"

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ನಿಮಗೆ ಹೆಂಗೆ ಗೊತ್ತು?"

"ನಂಗೂ ಬರಲ್ಲ" ಅಂದೆ. "ಅವತ್ತು ಅಕ್ಕ ಸುಮ್ನೆ ಅಂದುಬಿಟ್ಲು. ಕೈ ಎತ್ತಕ್ಕೆ ನಂಗೂ ಆಗಲ್ಲ."

ಅವಳ ಕಣ್ಣು ನಗತೊಡಗಿತು. ತುಟಿ ಕಚ್ಚಿಕೊಂಡಳು, ಯಾಕೆಂದರೆ ನಕ್ಕರೂ ಬ್ಲೌಸು ಬಿಟ್ಟುಕೊಳ್ಳುವ ಹಾಗಿತ್ತು. ಇಷ್ಟು ದಿನದ ಭಯವೆಲ್ಲ ನನ್ನ ಎದೆಯಿಂದ ಇಳಿದುಹೋಯಿತು. ಅಷ್ಟು ಹಾಯಾಗಿ ನಾನು ಉಸಿರೆಳೆದು ತಿಂಗಳುಗಳಾಗಿದ್ದವು. ಕೋಟಿನ ಒಂದು ಗುಂಡಿ ಆ ಉಸಿರಿಗೇ ಹಾರಿತು.

ಅಷ್ಟರಲ್ಲಿ ಅಕ್ಕ ವೇದಿಕೆ ಹತ್ತಿ ಬಂದಳು. "ಏನ್ಲಾ ಅದು, ಮದುವೆ ಗಂಡು ಹಿಂಗಾ ನಿಲ್ಲೋದು? ಜನ ನೋಡ್ತಾವ್ರೆ, ಎತ್ತು ಕೈ!" ಅಂದು, ಬೇಡ ಅಕ್ಕಾ ಅನ್ನುವಷ್ಟರಲ್ಲಿ ನನ್ನ ಎರಡೂ ಮೊಣಕೈ ಹಿಡಿದು ಮೇಲಕ್ಕೆ ಎತ್ತಿಬಿಟ್ಟಳು. ಹಾಲು ಕರೆದ ಕೈ, ಅದರ ಬಲ ಕೇಳಬೇಕೇ?

ಹಾರ ಹುಡುಗಿಯ ಕೊರಳಿಗೆ ಬಿತ್ತು. ಕೋಟು ಕಂಕುಳಲ್ಲಿ ಪರ್ ಅಂದಿತು, ಮತ್ತೆ ಇಡಿಯಾಗಿ ಸೊಂಟದ ಮೇಲಕ್ಕೆ ಏರಿತು. ನೀಲಿ ಬಿಳಿ ಪಟ್ಟೆ ಪಟ್ಟೆ ಪೂರ್ತಿಯಾಗಿ ಅಜ್ಜಿಯ ಕಣ್ಣಿನ ಎದುರಿಗೆ ಬಂತು.

ಅಜ್ಜಿ ಕನ್ನಡಕ ಏರಿಸಿ, ಕುರ್ಚಿಯಿಂದ ಮುಂದಕ್ಕೆ ಬಗ್ಗಿ, ಬೆರಳಲ್ಲಿ ಬಟ್ಟೆಯನ್ನು ಮುಟ್ಟಿ ನೋಡಿದರು. ಆಮೇಲೆ ಮಗನನ್ನು ಕೂಗಿ ಹೇಳಿದರು:

"ಲೇ! ಮಂಚ ಹಾಸಿಗೆ ನಾವಲ್ವೇನೋ ಕೊಡಬೇಕಾಗಿದ್ದು? ಅಳಿಯ ಹಾಸಿಗೇನ ಇಲ್ಲಿಗೇ ಹೊಲ್ಕೊಂಡು ಬಂದವ್ನೆ!"

ಇಡೀ ಛತ್ರ ಬಿದ್ದು ಬಿದ್ದು ನಕ್ಕಿತು. ಓಲಗದವರು ಓಲಗ ಬಿಟ್ಟು ನಕ್ಕರು. ಹುಡುಗಿ ತಡೆದುಕೊಂಡಿದ್ದ ನಗು ಒಡೆದು ಬಂತು, ಅದರ ಜೊತೆಗೆ ಬ್ಲೌಸಿನ ಎರಡೂ ಕಂಕುಳು ಬಂದವು. ಅವಳು ಸೆರಗನ್ನು ಮೈತುಂಬ ಸುತ್ತಿಕೊಂಡು ಕಣ್ಣೀರು ಬರುವ ಹಾಗೆ ನಗುತ್ತಾ, ತನ್ನ ಕೈಯ ಹಾರವನ್ನು ನನ್ನ ತಲೆಗೆ ಎಸೆದಳು. ಅದು ಒಂದು ಕಿವಿಗೆ ಸಿಕ್ಕಿ ನೇತಾಡಿತು. ಫೋಟೋದವನು ತೆಗೆದದ್ದು ಅದನ್ನೇ.

ಮಾವ ಮಾತ್ರ ನಗಲಿಲ್ಲ. ಹತ್ತಿರ ಬಂದು, ನಿಜವಾದ ದುಃಖದಿಂದ, "ಕರುವಿಗೆ ಅಷ್ಟು ಚೆನ್ನಾಗಿ ಹೊಲ್ದಿದ್ರಲ್ಲ ಅಲ್ಲುಡುಗಾರು, ನಿಮ್ಮದು ಯಾಕೆ ಹಿಂಗಾಯ್ತು?" ಅಂದರು.

"ಕರುವಿಗೆ ಪ್ಯಾಂಟು ಇರಲಿಲ್ಲ ಮಾವ" ಅಂದೆ.

ಅದಕ್ಕೆ ಅವರೂ ನಕ್ಕುಬಿಟ್ಟರು. ಅಜ್ಜಿ ಅಲ್ಲಿಗೆ ಬಿಡಲಿಲ್ಲ. ಅಕ್ಕನ ಕಡೆ ತಿರುಗಿ, "ಏನಮ್ಮಾ, ಹುಡುಗನಿಗೆ ಹೊಲಿಗೆ ಬರ್ತದೆ ಅಂದಿದ್ರಿ?" ಅಂತ ಕೇಳಿದರು. ನನಗೆ ಅಕ್ಕನ ಮುಖ ನೋಡಲು ಭಯವಾಯಿತು. ಯಾವುದನ್ನು ಉಳಿಸಲು ಇಷ್ಟೆಲ್ಲ ಕಷ್ಟಪಟ್ಟೆನೋ ಆ ಮಾತು ಈಗ ನಾಲ್ಕು ಜನದ ಮುಂದೆ ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು.

ಅಕ್ಕ ಒಂದಿಷ್ಟೂ ಅಲ್ಲಾಡಲಿಲ್ಲ. "ಹೊಲಿಗೆ ಬಿಡಿ ಅಜ್ಜಿ, ಅದೇನು ದೊಡ್ಡದು? ಇವನ ಕೈಯಡಿಗೆ ತಿಂದಿಲ್ಲ ನೀವು. ಮಟನ್ ಸಾರು ಮಾಡಿದ್ರೆ ಕೈ ತೊಳೆಯಕ್ಕೆ ಮನಸ್ಸು ಬರಲ್ಲ" ಅಂದಳು.

ಮಾವನ ಮುಖ ಮತ್ತೆ ದೀಪ ಹಚ್ಚಿದ ಹಾಗಾಯಿತು. ಅವರು ಛತ್ರದ ಆ ತುದಿಗೂ ಕೇಳುವಂತೆ ಕೂಗಿದರು: "ಕೇಳಿದ್ರೇನಪ್ಪಾ! ನಾಳಿದ್ದು ಬೀಗರೂಟಕ್ಕೆ ಅಡಿಗೆಯವರು ಬೇಡ. ಸಾರು ಅಲ್ಲುಡುಗಾರದ್ದೇ!"

ಕಿವಿಗೆ ಹಾರ ನೇತುಹಾಕಿಕೊಂಡೇ ನಾನು ಮೆಲ್ಲಗೆ ಹುಡುಗಿಯ ಕಡೆ ತಿರುಗಿದೆ. ಅವಳು ನಾನು ಬಾಯಿ ತೆರೆಯುವ ಮೊದಲೇ ತಲೆಯಾಡಿಸಿದಳು.

"ನನ್ ಕಡೆ ನೋಡ್ಬೇಡಿ. ಅದೂ ಬರಲ್ಲ."